ದುರ್ಗದಬೈಲಿನ ಚಂಚಿ: ಪಾಸ್‌ಪೋರ್ಟ್ ಇಡಲು ಹೊಲಿಸಿದ ಚೀಲ, ಐದು ತಿಂಗಳು ಬಳಸಿದ ಮೇಲೆ

ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಚೀಲ ಹೊಲಿಯುವ ಒಂದು ಸಣ್ಣ ಅಂಗಡಿಯಿದೆ. ಅದಕ್ಕೆ ಫಲಕವಿಲ್ಲ. ಸುತ್ತಲಿನವರು ‘ಚೀಲದ ಮಾಸ್ತರ ಅಂಗಡಿ’ ಎನ್ನುತ್ತಾರೆ, ಕೇಳಿಕೊಂಡು ಹೋಗುವವರಿಗೆ ಅಷ್ಟು ಗುರುತು ಸಾಕಾಗುತ್ತದೆ. ಮಕ್ಕಳ ಪಾಟಿಚೀಲ, ಸಂತೆಗೆ ಒಯ್ಯುವ ಕೈಚೀಲ, ಹಳ್ಳಿಯಿಂದ ಬರುವ ಹಿರಿಯರಿಗೆ ಎಲೆಯಡಿಕೆಯ ಚಂಚಿ, ಇವು ಅಲ್ಲಿಯ ನಿತ್ಯದ ಕೆಲಸ. 2025ರ ನವೆಂಬರಿನಲ್ಲಿ ನಾನು ಅಲ್ಲಿ ಐದು ಚಂಚಿಗಳನ್ನು ಹೊಲಿಸಿದೆ. ಅವು ಎಲೆಯಡಿಕೆಗಾಗಿ ಅಲ್ಲ. ಪಾಸ್‌ಪೋರ್ಟು, ವೀಸಾ ಮತ್ತು ಅಮೆರಿಕದಲ್ಲಿ ಇರಲು ಅನುಮತಿಯಿದೆ ಎಂದು ತೋರಿಸುವ ಕಾಗದಗಳಿಗಾಗಿ. ಒಂದಕ್ಕೆ 650 ರೂಪಾಯಿ ಬಿತ್ತು. ಐದು ತಿಂಗಳು ಅವುಗಳನ್ನು ಐವರು ಐದು ರೀತಿಯಲ್ಲಿ ಬಳಸಿ ನೋಡಿದ ಮೇಲೆ ಈ ಅಭಿಪ್ರಾಯ ಬರೆಯುತ್ತಿದ್ದೇನೆ.

ನಾನು ಧಾರವಾಡದವಳು, ಉಪನೋಂದಣಿ ಕಚೇರಿಯಲ್ಲಿ ಗುಮಾಸ್ತೆಯಾಗಿ ನಿವೃತ್ತಳಾದವಳು. ಖರೀದಿ ಪತ್ರ, ಉತಾರ, ಮೃತ್ಯುಪತ್ರಗಳ ನಡುವೆ ಆಯುಷ್ಯ ಕಳೆದಿರುವುದರಿಂದ ಕಾಗದ ಇಡುವ ವಿಷಯದಲ್ಲಿ ನನಗೆ ಸ್ವಲ್ಪ ಹಟ ಹೆಚ್ಚು ಎಂದು ಮನೆಯವರ ದೂರು. ಮಗಳು ಮತ್ತು ಅಳಿಯಂದಿರು ನ್ಯೂ ಮೆಕ್ಸಿಕೊ ರಾಜ್ಯದ ಲಾಸ್ ಕ್ರೂಸಸ್ ಎಂಬ ಊರಿನಲ್ಲಿದ್ದಾರೆ. ಅದು ಮೆಕ್ಸಿಕೊ ಗಡಿಯಿಂದ ಕಾರಿನಲ್ಲಿ ಒಂದು ತಾಸಿನೊಳಗಿನ ದಾರಿ. ನನ್ನ ಮತ್ತು ನಮ್ಮ ಯಜಮಾನರ ಟಿಕೆಟು ತೆಗೆಸಿದ ದಿನವೇ ಮಗಳು ಫೋನಿನಲ್ಲಿ ಹೇಳಿದ್ದು ಇದು: “ಅವ್ವಾ, ಇಲ್ಲಿ ಊರು ಬಿಟ್ಟು ಹೊರಗ ಅಡ್ಡಾಡಿದ್ರ ರಸ್ತೆದಾಗ ನಾಕಾ ಸಿಗತಾವು. ಪಾಸ್‌ಪೋರ್ಟ್ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕೂ ನಿನ್ನ ರೂಢಿ ನಡ್ಯಾಂಗಿಲ್ಲ. ಮೈಮ್ಯಾಲಽ ಇರಬೇಕು, ತಟ್ಟನ ಸಿಗಬೇಕು.”

ಧಾರವಾಡದಲ್ಲಿ ನಮಗೆಲ್ಲ ಟೋಲ್ ನಾಕಾ ಎಂಬ ಹೆಸರು ಗೊತ್ತು. ಈಗ ಅದು ಬಸ್ ನಿಲ್ಲುವ ಜಾಗ ಮಾತ್ರ. ಅಲ್ಲಿ ಯಾರೂ ಯಾರನ್ನೂ ತಡೆದು ಕೇಳುವುದಿಲ್ಲ. ಆದರೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ದೇಶದ ಒಳಗೇ, ಗಡಿಯಿಂದ ಎಷ್ಟೋ ಮೈಲಿ ಈಚೆಗೆ, ಹೆದ್ದಾರಿಯ ಮೇಲೆ ಗಡಿ ಪಡೆಯವರ ನಾಕಾಗಳಿವೆ. ಗಡಿಯನ್ನು ದಾಟದೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವವರೂ ಅಲ್ಲಿ ಗಾಡಿ ನಿಲ್ಲಿಸಿ, ತಾವು ಯಾವ ದೇಶದ ನಾಗರಿಕರು ಎಂದು ಹೇಳಿ, ಹೊರದೇಶದವರಾಗಿದ್ದರೆ ಕಾಗದ ತೋರಿಸಿ ಮುಂದೆ ಹೋಗಬೇಕು. ನನಗೆ ಇದು ಇಂದಿಗೂ ವಿಚಿತ್ರವೆನಿಸುತ್ತದೆ, ಆದರೆ ಅಲ್ಲಿಯ ಕಾನೂನು ಇದನ್ನು ಒಪ್ಪಿದೆ. 1953ರಲ್ಲಿ ಮಾಡಿದ ನಿಯಮವೊಂದು ಗಡಿಯಿಂದ ‘ಯೋಗ್ಯ ದೂರ’ ಎಂದರೆ 100 ಮೈಲಿಯವರೆಗೆ ಎಂದು ಗುರುತಿಸಿತು. 1976ರಲ್ಲಿ ಮಾರ್ಟಿನೆಜ್-ಫ್ಯುರ್ಟೆ ಎಂಬವರ ಪ್ರಕರಣದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಏಳು ನ್ಯಾಯಮೂರ್ತಿಗಳು ಒಂದು ಕಡೆ, ಇಬ್ಬರು ಇನ್ನೊಂದು ಕಡೆಯಾಗಿ, ಇಂಥ ಕಾಯಂ ನಾಕಾಗಳಲ್ಲಿ ನಿರ್ದಿಷ್ಟ ಸಂಶಯವಿಲ್ಲದಿದ್ದರೂ ಗಾಡಿ ತಡೆದು ನಾಲ್ಕು ಪ್ರಶ್ನೆ ಕೇಳಬಹುದು ಎಂದು ತೀರ್ಪು ಕೊಟ್ಟಿತು. ಆ ಪ್ರಕರಣದ ನಾಕಾ ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲೆಮೆಂಟೆಯಲ್ಲಿ, ಗಡಿಯಿಂದ 66 ಮೈಲಿ ಈಚೆಗೆ ಇತ್ತು. ಪ್ರಶ್ನೆ ಕೇಳುವುದು ಬೇರೆ, ಗಾಡಿ ಜಾಲಾಡುವುದು ಬೇರೆ. ಜಾಲಾಡಬೇಕಾದರೆ ಒಪ್ಪಿಗೆ ಬೇಕು ಇಲ್ಲವೇ ಗಟ್ಟಿ ಕಾರಣ ಬೇಕು ಎಂದು ಅದೇ ಕೋರ್ಟು ಅದಕ್ಕಿಂತ ಒಂದು ವರ್ಷ ಮೊದಲೇ ಹೇಳಿತ್ತು.

ಚೀಲದ ವಿಮರ್ಶೆಯಲ್ಲಿ ಕಾನೂನು ಏಕೆ ಬಂತು ಎಂದು ಓದುವವರಿಗೆ ಅನ್ನಿಸಬಹುದು. ಕಾರಣವಿದೆ. ಅಮೆರಿಕದ 1952ರ ವಲಸೆ ಕಾಯ್ದೆಯ 264ನೆಯ ಕಲಮಿನಂತೆ 18 ವರ್ಷ ತುಂಬಿದ ಪ್ರತಿಯೊಬ್ಬ ಹೊರದೇಶದವರೂ ತಮ್ಮ ನೋಂದಣಿಯ ಕಾಗದವನ್ನು ಸದಾಕಾಲ ಜೊತೆಯಲ್ಲಿ ಇಟ್ಟುಕೊಂಡಿರಬೇಕು. ಇಟ್ಟುಕೊಳ್ಳದಿದ್ದರೆ ಕಾಯ್ದೆಯ ಬರಹದಲ್ಲಿ 100 ಡಾಲರ್‌ವರೆಗೆ ದಂಡ, 30 ದಿನದವರೆಗೆ ಸೆರೆ, ಇಲ್ಲವೇ ಎರಡೂ ಇವೆ. ಬಹಳ ವರ್ಷ ಇದನ್ನು ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲವಂತೆ. 2025ರ ಏಪ್ರಿಲ್ 11ರಿಂದ ನೋಂದಣಿಯ ನಿಯಮಗಳನ್ನು ಬಿಗಿಗೊಳಿಸಿದ ಮೇಲೆ ಅಲ್ಲಿಯ ನಮ್ಮ ಮಂದಿಯ ವಾಟ್ಸಾಪ್ ಗುಂಪುಗಳಲ್ಲಿ ಇದೇ ಮಾತು. ಅಲ್ಲಿ ಕಾಯಂ ಇರಲು ಅನುಮತಿ ಪಡೆದ ಹಸಿರು ಕಾರ್ಡಿನವರಿಗೆ (ಗ್ರೀನ್ ಕಾರ್ಡ್) ಆ ಕಾರ್ಡೇ ನೋಂದಣಿಯ ಕಾಗದ. ವೀಸಾದ ಮೇಲೆ ಬಂದವರಿಗೆ ಐ-94 ಎಂಬ ಆಗಮನದ ದಾಖಲೆ. ಕಾಯ್ದೆ ಕೇಳುವುದು ಕಾಗದವನ್ನು, ಅದರ ನೆರಳನ್ನಲ್ಲ. ಮೊಬೈಲಿನಲ್ಲಿ ಡಿಜಿಲಾಕರ್ ತೆರೆದು ಲೈಸೆನ್ಸು ತೋರಿಸಿ ರೂಢಿಯಾದ ನಮ್ಮವರು ಮೊದಲು ಎಡವುವುದು ಇಲ್ಲಿಯೇ. “ನನ್ನ ಮೊಬೈಲಿನ್ಯಾಗ ಫೋಟೋ ಐತಲ್ಲ” ಎಂದು ನಮ್ಮ ಯಜಮಾನರು ಎರಡು ಸಲ ವಾದಿಸಿದರು, ಎರಡು ಸಲವೂ ಸೋತರು.

ಆದ್ದರಿಂದ ಈ ಚೀಲಕ್ಕೆ ಇದ್ದ ಪರೀಕ್ಷೆ ಒಂದೇ. ಅದು ಚೆಂದವಾಗಿದೆಯೇ, ಗಟ್ಟಿಯಾಗಿದೆಯೇ ಎಂಬುದೆಲ್ಲ ಆಮೇಲೆ. ನಾಕಾದಲ್ಲಿ ಕಾರಿನ ಕಿಟಕಿ ಇಳಿದ ಮೇಲೆ, ಕೇಳಿದ ಕಾಗದ ಕೇಳಿದವರ ಕೈಗೆ ತಡವರಿಸದೆ ಬರಬೇಕು.

ಪೇಟೆಯಲ್ಲಿ ಸಿಗುವುದನ್ನೆಲ್ಲ ಮೊದಲು ನೋಡಿದೆ. ಕೊಪ್ಪೀಕರ ರಸ್ತೆಯಲ್ಲಿ ಸಿಗುವ ಜಿಪ್ ಹಚ್ಚಿದ ಪ್ಲಾಸ್ಟಿಕ್ ಫೈಲು ಅಗ್ಗ, ಆದರೆ ಅದನ್ನು ಮೈಮೇಲೆ ಇಟ್ಟುಕೊಂಡು ಅಡ್ಡಾಡಲು ಬರುವುದಿಲ್ಲ. ಎಲ್ಲಿ ಕೂತಿರೋ ಅಲ್ಲಿಯೇ ಮರೆತು ಏಳುವ ವಸ್ತು ಅದು. ಆನ್‌ಲೈನಿನಲ್ಲಿ ತರಿಸಿದ ನೈಲಾನಿನ ಕೊರಳಚೀಲದ ಮೂರೂ ಖಾನೆಗಳು ಒಂದೇ ಥರ ಇದ್ದವು, ಯಾವುದರಲ್ಲಿ ಏನಿದೆ ಎಂದು ಪ್ರತಿ ಸಲ ಬಗ್ಗಿ ನೋಡಬೇಕಾಗಿತ್ತು. ಅದನ್ನು ಮರಳಿ ಕಳಿಸಿದೆ. ಆಗ ನೆನಪಾದದ್ದು ನಮ್ಮ ಮಾವನವರ ಚಂಚಿ. ಅವರು ಕಟ್ಟೆಯ ಮೇಲೆ ಕೂತು ಮಾತಾಡುತ್ತಲೇ ಅಡಿಕೆಯ ಖಾನೆಯಿಂದ ಅಡಿಕೆ, ತಂಬಾಕಿನ ಖಾನೆಯಿಂದ ತಂಬಾಕು, ತುದಿಯ ಸಣ್ಣ ಖಾನೆಯಿಂದ ಸುಣ್ಣದ ಡಬ್ಬಿ ತೆಗೆಯುತ್ತಿದ್ದರು. ಅವರ ಕಣ್ಣು ಒಮ್ಮೆಯೂ ಚಂಚಿಯ ಕಡೆಗೆ ಹೋದದ್ದನ್ನು ನಾನು ನೋಡಿಲ್ಲ. ಪಾಸ್‌ಪೋರ್ಟಿಗೂ ಬೇಕಾದದ್ದು ಅದೇ ಗುಣ ಎಂದು ನನಗೆ ಹೊಳೆಯಿತು.

ಮಾಸ್ತರರು ಅರವತ್ತರ ಆಸುಪಾಸಿನವರು, ಮಾತು ಕಡಿಮೆ. ನನ್ನ ಬೇಡಿಕೆಯನ್ನು ಕೇಳಿ ನಕ್ಕರು, ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದು ಅಳೆದರು, ಒಂದು ಹಳೆಯ ಕ್ಯಾಲೆಂಡರಿನ ಹಿಂದೆ ಗೀಟು ಹಾಕಿಕೊಂಡರು. ಗುರುವಾರ ಕೊಡುತ್ತೇನೆ ಎಂದರು. ಗುರುವಾರ ಹೋದಾಗ ಬಟ್ಟೆ ಕತ್ತರಿಸಿಯೇ ಇರಲಿಲ್ಲ. ಶನಿವಾರ ಒಂದು ಸಿದ್ಧವಿತ್ತು. ಐದೂ ಕೈಗೆ ಬಂದದ್ದು ಮುಂದಿನ ಬುಧವಾರ, ನಮ್ಮ ಪ್ರಯಾಣಕ್ಕೆ ಮೂರೇ ದಿನ ಉಳಿದಾಗ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸು ಹತ್ತಿ ನಾಲ್ಕು ಸಲ ಅಡ್ಡಾಡಿದೆ. ಹೊಲಿಸುವವರು ಈ ಹಿಂದುಮುಂದನ್ನು ಮೊದಲೇ ಲೆಕ್ಕದಲ್ಲಿ ಹಿಡಿಯುವುದು ಒಳ್ಳೆಯದು; ಮಾಸ್ತರರ ಗುರುವಾರ ಪಂಚಾಂಗದ ಗುರುವಾರವಲ್ಲ.

ಕೆಲಸ ಮಾತ್ರ ಕಾದದ್ದಕ್ಕೆ ತಕ್ಕದಾಗಿತ್ತು. ಹೊರಗೆ ಮಣ್ಣುಬಣ್ಣದ ದಪ್ಪ ಹತ್ತಿಯ ಬಟ್ಟೆ, ಒಳಗೆ ಗುಳೇದಗುಡ್ಡದ ಖಣ. ಮಡಚಿದಾಗ ಒಂಬತ್ತು ಇಂಚು ಉದ್ದ, ಆರು ಇಂಚು ಅಗಲ. ಬಿಚ್ಚಿದರೆ ಮೂರು ಎಲೆಗಳಾಗಿ ತೆರೆದುಕೊಳ್ಳುತ್ತದೆ. ಮೊದಲ ಎಲೆಯಲ್ಲಿ ಪಾಸ್‌ಪೋರ್ಟಿನ ಖಾನೆ. ನಮ್ಮ ಪಾಸ್‌ಪೋರ್ಟು 88 ಮಿಲಿಮೀಟರ್ ಅಗಲ, 125 ಮಿಲಿಮೀಟರ್ ಎತ್ತರ ಇರುತ್ತದೆ. ಖಾನೆಯನ್ನು ಅದಕ್ಕೆ ಒಂದು ಬೆರಳಿನಷ್ಟು ಮಾತ್ರ ಸಡಿಲ ಬಿಟ್ಟು ಹೊಲಿದಿದ್ದಾರೆ, ಮೇಲಂಚಿನಲ್ಲಿ ಹೆಬ್ಬೆರಳು ಹಿಡಿಸುವಂತೆ ಅರ್ಧಚಂದ್ರ ಕತ್ತರಿಸಿದ್ದಾರೆ. ನಡುವಿನ ಎಲೆಯಲ್ಲಿ ಎರಡಾಗಿ ಮಡಚಿದ ಕಾಗದ ಇಡುವ ಅಗಲವಾದ ಖಾನೆ. ಮೂರನೆಯದರಲ್ಲಿ ಕಾರ್ಡುಗಳಿಗೆ ಮೂರು ಸಣ್ಣ ಖಾನೆ, ಹಿಂಬದಿಗೆ ರೊಕ್ಕಕ್ಕೆ ಒಂದು ಜಿಪ್.

ಈ ಚೀಲದ ನಿಜವಾದ ಜಾಣತನ ಖಾನೆಗಳ ಬಾಯಿಯಲ್ಲಿದೆ. ಪಾಸ್‌ಪೋರ್ಟಿನ ಖಾನೆಯ ಬಾಯಿಗೆ ದಪ್ಪ ದಾರ ಒಳಗಿಟ್ಟು ಹುರಿಯಂತೆ ಮಡಚಿ ಹೊಲಿದಿದ್ದಾರೆ, ಕಾರ್ಡಿನ ಖಾನೆಗೆ ಖಣದ ಅಂಚನ್ನೇ ಹಚ್ಚಿದ್ದಾರೆ, ಕಾಗದದ ಖಾನೆಯನ್ನು ಸಪಾಟಾಗಿ ಬಿಟ್ಟಿದ್ದಾರೆ. ಬೆರಳು ಸೋಕಿದರೆ ಸಾಕು, ಯಾವುದು ಯಾವುದೆಂದು ತಿಳಿಯುತ್ತದೆ. ಇದನ್ನು ನಾನು ಹೇಳಿ ಮಾಡಿಸಿದ್ದಲ್ಲ. ಕೇಳಿದರೆ, “ಕತ್ತಲ್ಯಾಗ ತಂಬಾಕಕ್ಕ ಕೈ ಹಾಕಿದ್ರ ಸುಣ್ಣಕ್ಕ ಹೋಗಬಾರದಲ್ರೀ ಅಕ್ಕಾರ” ಎಂದರು. ಲಾಡಿಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತವಾಗಲಿಲ್ಲ. ಟಿಚ್ ಬಟನ್ ಹಚ್ಚಿರಿ ಎಂದು ನಾನು, ಲಾಡಿ ಸುತ್ತಿ ಕಟ್ಟದಿದ್ದರೆ ಅದು ಚಂಚಿಯೇ ಅಲ್ಲ, ಬರೀ ಪಾಕೀಟು ಎಂದು ಅವರು. ಅವರ ಮಾತೇ ನಡೆಯಿತು. ಅದೇ ಲಾಡಿಯನ್ನು ಉದ್ದ ಬಿಟ್ಟು ಕೊರಳಿಗೂ ಹಾಕಿಕೊಳ್ಳುವಂತೆ ಮಾಡಿಕೊಟ್ಟರು.

ಮೊದಲ ಪರೀಕ್ಷೆ ಜನವರಿಯ ಒಂದು ಭಾನುವಾರ ನಡೆಯಿತು. ಲಾಸ್ ಕ್ರೂಸಸ್‌ನಿಂದ ಪೂರ್ವಕ್ಕೆ ಬೆಟ್ಟದ ಸಾಲು ದಾಟಿ ಒಂದು ತಾಸಿನ ದಾರಿ ಹೋದರೆ ವೈಟ್ ಸ್ಯಾಂಡ್ಸ್ ಎಂಬ ಬಿಳಿ ಮರಳಿನ ರಾಷ್ಟ್ರೀಯ ಉದ್ಯಾನವಿದೆ. ಅದು ಸಾಮಾನ್ಯ ಮರಳಲ್ಲ, ಜಿಪ್ಸಂ. ಹಿಟ್ಟಿನ ಗಿರಣಿಯ ನೆಲದ ಹಾಗೆ ಕಣ್ಣು ಹಾಯುವವರೆಗೂ ಬೆಳ್ಳಗೆ. ಹೋಗುವಾಗ ಯಾರೂ ತಡೆಯಲಿಲ್ಲ, ಏಕೆಂದರೆ 70ನೆಯ ಹೆದ್ದಾರಿಯಲ್ಲಿರುವ ಆ ನಾಕಾ ಪಶ್ಚಿಮಕ್ಕೆ, ಅಂದರೆ ಊರಿನ ಕಡೆಗೆ ಮರಳುವ ಗಾಡಿಗಳನ್ನು ಮಾತ್ರ ನಿಲ್ಲಿಸುತ್ತದೆ. ಕಾರಿನಲ್ಲಿ ಐದು ಜನ: ಕೆಲಸದ ಎಚ್-1ಬಿ ವೀಸಾದ ಅಳಿಯಂದಿರು, ಅವರ ಹೆಂಡತಿಯೆಂದು ಸಿಕ್ಕ ಎಚ್-4 ವೀಸಾದ ಮಗಳು, ವಿಸಿಟರ್ ವೀಸಾದ ನಾವಿಬ್ಬರು, ಅಲ್ಲಿಯೇ ಹುಟ್ಟಿ ಅಲ್ಲಿಯ ನಾಗರಿಕಳಾಗಿರುವ ಆರು ವರ್ಷದ ಮೊಮ್ಮಗಳು. ಒಂದು ಕಾರಿನಲ್ಲಿ ನಾಲ್ಕು ಥರದ ಹಕ್ಕು, ಅದರಲ್ಲಿ ಕಾಗದದ ಹಂಗಿಲ್ಲದೆ ಕೂತವಳು ಎಲ್ಲರಿಗಿಂತ ಸಣ್ಣವಳು.

ಸಂಜೆಯ ಚಳಿ ಶುರುವಾಗಿತ್ತು. ದೂರದಲ್ಲಿ ರಸ್ತೆಯ ಮೇಲೆಯೇ ಮಾಡು ಹಾಕಿದ ಕಟ್ಟಡ, ಕಂಬಗಳ ಮೇಲೆ ಕ್ಯಾಮೆರಾ, ಸಾಲಾಗಿ ಇಟ್ಟ ಕಿತ್ತಳೆ ಶಂಕುಗಳು ಕಂಡವು. ಒಬ್ಬರು ನಾಯಿಯನ್ನು ಹಿಡಿದು ಗಾಡಿಗಳ ನಡುವೆ ಸುತ್ತುತ್ತಿದ್ದರು. “ನಾಕಾ ಬಂತು, ತೆಗೀರಿ” ಎಂದಳು ಮಗಳು. ಅವಳ ಮತ್ತು ಅಳಿಯಂದಿರ ಚಂಚಿ ಆಗಲೇ ಬಿಚ್ಚಿ ತೊಡೆಯ ಮೇಲಿದ್ದವು. ನಾನು ನನ್ನದನ್ನು ಬಿಚ್ಚಿದೆ. ನಮ್ಮ ಯಜಮಾನರದು ಸ್ವೆಟರಿನ ಒಳಗಿತ್ತು, ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಸೀಟಿನ ಬೆಲ್ಟು. ಅಷ್ಟೇ ಅಲ್ಲ, ಕಳೆಯಬಾರದೆಂದು ಲಾಡಿಗೆ ಗಂಟಿನ ಮೇಲೆ ಗಂಟು ಹಾಕಿದ್ದರು.

ಕಿಟಕಿ ಇಳಿಯಿತು. ಹಸಿರು ಸಮವಸ್ತ್ರದ ಅಧಿಕಾರಿ ಬಗ್ಗಿ, ಎಲ್ಲರೂ ಅಮೆರಿಕದ ನಾಗರಿಕರೇ ಎಂದು ಕೇಳಿದರು. ಅಳಿಯಂದಿರು ಯಾರು ಯಾರು ಏನೆಂದು ಹೇಳಿ ಕಾಗದಗಳನ್ನು ಮುಂದೆ ಚಾಚಿದರು. ಮೂರು ಪಾಸ್‌ಪೋರ್ಟು ಹೋದವು, ನಾಲ್ಕನೆಯದು ಬರಲಿಲ್ಲ. ನಮ್ಮವರು ಎರಡೂ ಕೈಗಳನ್ನು ಕೋಟಿನೊಳಗೆ ತೂರಿಸಿ ಗಂಟು ಹುಡುಕುತ್ತಿದ್ದರು. ಮಗಳು ಹಿಂದೆ ತಿರುಗದೆ, ತುಟಿ ಅಲುಗಿಸದೆ ಅಂದಳು: “ಅಪ್ಪಾ, ಕೈ ಹೊರಗ ತಗೀರಿ. ಕೈ ಒಳಗ ಇಡಬ್ಯಾಡ್ರಿ.” ಆ ಒಂದು ಮಾತಿನಲ್ಲಿ ಈ ಚೀಲದ ದೊಡ್ಡ ಕೊರತೆ ನನಗೆ ಅರ್ಥವಾಯಿತು. ಬಂದೂಕು ಧರಿಸಿದವರು ಎದುರಿಗೆ ನಿಂತಿರುವಾಗ ಬಟ್ಟೆಯೊಳಗೆ ಕೈ ಹಾಕಿ ತಡಕಾಡುವಂತೆ ಮಾಡುವ ಯಾವ ಚೀಲವೂ, ಅದು ಎಷ್ಟೇ ಭದ್ರವಾಗಿರಲಿ, ಆ ಜಾಗಕ್ಕೆ ತಕ್ಕದ್ದಲ್ಲ.

ಅಧಿಕಾರಿ ದನಿ ಏರಿಸಲಿಲ್ಲ. ಹಿಂದಿನ ಗಾಡಿಗಳಿಗೆ ದಾರಿಯಾಗಲಿ ಎಂದು ನಮ್ಮನ್ನು ಪಕ್ಕಕ್ಕೆ ನಿಲ್ಲಿಸಲು ಹೇಳಿದರು. ಅಲ್ಲಿ ಕೋಟು ಬಿಚ್ಚಿ, ಚಂಚಿಯನ್ನು ಹೊರಗೆ ಎಳೆದು ನೋಡಿದರೆ ಗಂಟು ಕಗ್ಗಂಟಾಗಿತ್ತು. ನನ್ನ ಉಗುರು ನಾಟಲಿಲ್ಲ, ಅವರ ಬೆರಳು ಚಳಿಗೆ ಬಗ್ಗಲಿಲ್ಲ. ಕೊನೆಗೆ ಅಜ್ಜನ ತೊಡೆಯ ಮೇಲೆ ಬಗ್ಗಿ ಅದನ್ನು ಬಿಚ್ಚಿದವಳು ಮೊಮ್ಮಗಳು. ಪಾಸ್‌ಪೋರ್ಟಿನ ವೀಸಾ ಪುಟ, ಮಗಳು ಸರ್ಕಾರಿ ಜಾಲತಾಣದಿಂದ ತೆಗೆದು ಮುದ್ರಿಸಿಕೊಟ್ಟಿದ್ದ ಐ-94 ಹಾಳೆ, ಎರಡನ್ನೂ ನೋಡಿ ಅಧಿಕಾರಿ ಹೋಗಿರಿ ಎಂದರು. ಒಟ್ಟು ಏಳು ನಿಮಿಷ ಹಿಡಿಯಿತು. ನಮಗೆ ಏಳು ತಾಸಾದಂತೆ ಅನ್ನಿಸಿತು ಎಂಬುದು ಬೇರೆ ಮಾತು. ಮನೆ ಮುಟ್ಟುವವರೆಗೆ ನಮ್ಮವರು ಮಾತಾಡಲಿಲ್ಲ, ಮನೆ ಮುಟ್ಟಿದ ಮೇಲೆ ಮಾತಾಡಿದ್ದು ಮಾಸ್ತರರ ಲಾಡಿಯ ಬಗ್ಗೆ.

ಅದೇ ದಿನ ಎರಡನೆಯ ಕೊರತೆಯೂ ಬಯಲಾಯಿತು. ಅಳಿಯಂದಿರು ಅಲ್ಲಿ ಇರಬಹುದಾದ ಅವಧಿಯನ್ನು ದೇಶದ ಒಳಗಿದ್ದಾಗಲೇ ವಿಸ್ತರಿಸಿದ್ದರಿಂದ, ಅವರ ಈಗಿನ ಐ-94 ಬರುವುದು ಐ-797 ಎಂಬ ಮಂಜೂರಾತಿ ಪತ್ರದ ತಳಭಾಗದಲ್ಲಿ. ಆ ಪತ್ರ ಅಮೆರಿಕದ ಅಳತೆಯ ಹಾಳೆಯಲ್ಲಿರುತ್ತದೆ. ನಮ್ಮ ಎ4 ಹಾಳೆ 210 ಮಿಲಿಮೀಟರ್ ಅಗಲ, ಅಲ್ಲಿಯದು 216. ನಾನು ಮಾಸ್ತರರಿಗೆ ಅಳತೆಗೆಂದು ಕೊಟ್ಟದ್ದು ಧಾರವಾಡದ ಝೆರಾಕ್ಸ್ ಅಂಗಡಿಯ ಎ4 ಹಾಳೆಯನ್ನು, ಅವರು ಹೊಲಿದದ್ದು ಅದಕ್ಕೆ ಬಿಗಿಯಾಗಿ. ಆರು ಮಿಲಿಮೀಟರ್ ಎಂದರೆ ಏನು ಮಹಾ ಎನ್ನುವವರು ಆ ಪತ್ರದ ಮೂಲೆ ನೋಡಬೇಕಾಗಿತ್ತು. ಖಾನೆಯೊಳಗೆ ತುರುಕಿ ತುರುಕಿ ಅದು ಎಮ್ಮೆ ಅಗಿದ ಹಾಗಾಗಿತ್ತು, ಮಡಿಕೆ ಸರಿಯಾಗಿ ಐ-94 ಸಂಖ್ಯೆಯ ಮೇಲೆಯೇ ಬಿದ್ದಿತ್ತು. ದಾಖಲೆಯ ನಂಬರಿನ ಮೇಲೆ ಮಡಿಕೆ ಬೀಳಬಾರದು ಎಂಬುದು ನಮ್ಮ ಕಚೇರಿಯಲ್ಲಿ ಹೊಸದಾಗಿ ಸೇರಿದವರಿಗೆ ಕಲಿಸುತ್ತಿದ್ದ ಮೊದಲ ಪಾಠ. ಈ ತಪ್ಪನ್ನು ಮಾಸ್ತರರ ಮೇಲೆ ಹಾಕಲಾರೆ, ಅಳತೆ ಕೊಟ್ಟವಳು ನಾನು.

ಎರಡನೆಯ ಪ್ರವಾಸ ಫೆಬ್ರುವರಿಯಲ್ಲಿ, 25ನೆಯ ಇಂಟರ್‌ಸ್ಟೇಟ್ ಹೆದ್ದಾರಿ ಹಿಡಿದು ಉತ್ತರಕ್ಕೆ ಅಲ್ಬುಕರ್ಕಿಗೆ. ಅಲ್ಲಿಯೂ ಲಾಸ್ ಕ್ರೂಸಸ್ ದಾಟಿದ ಮೇಲೆ ಉತ್ತರಕ್ಕೆ ಹೋಗುವವರಿಗೆ ನಾಕಾ ಇದೆ. ಈ ಸಲ ಗಾಡಿ ಓಡಿಸಿದವರು ಅಳಿಯಂದಿರ ಗೆಳೆಯರು, ಗದಗಿನವರು, ಹಸಿರು ಕಾರ್ಡ್ ಹೊಂದಿದವರು. ಐದನೆಯ ಚಂಚಿ ಅವರಿಗೆಂದೇ ಒಯ್ದದ್ದು. ನಾವು ಈಗ ಪಾಠ ಕಲಿತಿದ್ದೆವು: ಊರು ದಾಟುವ ಮೊದಲೇ ಚಂಚಿಯನ್ನು ಕೊರಳಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುವುದು, ಲಾಡಿಯನ್ನು ಕಟ್ಟದೆ ಬರೀ ಒಂದು ಸುತ್ತು ಸುತ್ತುವುದು. ಕಿಟಕಿ ಇಳಿಯಿತು, ಬೆರಳು ಹುರಿಯಂಚನ್ನು ಮುಟ್ಟಿತು, ಅರ್ಧಚಂದ್ರದಲ್ಲಿ ಹೆಬ್ಬೆರಳು ಕೂತಿತು, ಪಾಸ್‌ಪೋರ್ಟು ಹೊರಗೆ ಬಂತು. ಹತ್ತು ಎಣಿಸುವಷ್ಟರಲ್ಲಿ ಎಲ್ಲರ ಕಾಗದಗಳೂ ಹೋಗಿ ಮರಳಿ ಬಂದವು. ನಾನು ಚಂಚಿಯ ಕಡೆ ನೋಡಿರಲೇ ಇಲ್ಲ ಎಂಬುದು ನಾಕಾ ದಾಟಿ ಒಂದು ಮೈಲಿ ಹೋದ ಮೇಲೆ ಹೊಳೆಯಿತು. ಮಾವನವರು ಇದ್ದಿದ್ದರೆ ಮೆಚ್ಚುತ್ತಿದ್ದರು.

ಗದಗಿನವರ ಅನುಭವವನ್ನು ಪ್ರತ್ಯೇಕವಾಗಿ ಹೇಳಬೇಕು, ಹಸಿರು ಕಾರ್ಡಿನವರ ಕಷ್ಟವೇ ಬೇರೆ. ಕಾರ್ಡಿನ ಜೊತೆಗೆ ಸರ್ಕಾರವೇ ಒಂದು ಕವಚ ಕೊಡುತ್ತದೆ. ಕಾರ್ಡಿನೊಳಗಿನ ರೇಡಿಯೊ ಚಿಪ್ಪನ್ನು ಬೇರೆಯವರು ದೂರದಿಂದ ಓದಬಾರದೆಂದು ಅದು ಇರುವುದು. ನಡುವೆ ದಶಕಗಟ್ಟಲೆ ಬೇರೆ ಬೇರೆ ಬಣ್ಣದಲ್ಲಿದ್ದ ಕಾರ್ಡು ಮತ್ತೆ ಹಸಿರಾದ 2010ರಿಂದಲೂ ಈ ಏರ್ಪಾಟಿದೆ. ಮಾಸ್ತರರು ಕಾರ್ಡಿನ ಖಾನೆಯನ್ನು ನನ್ನ ಎಟಿಎಂ ಕಾರ್ಡಿನ ಅಳತೆಗೆ ಹೊಲಿದಿದ್ದಾರೆ. ಹಸಿರು ಕಾರ್ಡು ಅದೇ ಅಳತೆಯದು, ಬರೀ ಕಾರ್ಡು ಸರಿಯಾಗಿ ಕೂಡುತ್ತದೆ, ಕವಚ ಹಾಕಿದರೆ ಅರ್ಧ ಹೊರಗೇ ನಿಲ್ಲುತ್ತದೆ. ಅವರು ಕವಚವಿಲ್ಲದೆ ಇಡಲು ಒಪ್ಪಲಿಲ್ಲ, ಪಾಸ್‌ಪೋರ್ಟಿನ ಖಾನೆಯಲ್ಲಿ ಇಟ್ಟುಕೊಂಡರು, ಅಲ್ಲಿ ಅದು ತಳಕ್ಕೆ ಇಳಿದು ಪ್ರತಿ ಸಲ ಬೋರಲು ಹಾಕಿ ಕೊಡವಬೇಕಾಯಿತು. ಅವರ ಎಚ್ಚರಿಕೆಗೆ ಕಾರಣವಿದೆ. “ಮನ್ಯಾಗ ಇಟ್ರ ಕಾಯ್ದೆ ಬಿಡಾಂಗಿಲ್ರಿ, ಹೊರಗ ಒಯ್ದ್ರ ಕಳಿಯೂ ಭಯ. ಕಳಕೊಂಡ್ರ ಮತ್ತ ಫಾರ್ಮ್ ತುಂಬು, ರೊಕ್ಕ ಕಟ್ಟು, ತಿಂಗಳಗಟ್ಟಲೆ ಹಾದಿ ಕಾಯಿ” ಎಂದರು. ಕಳೆದ ಕಾರ್ಡಿಗೆ ಬದಲಿ ಪಡೆಯುವ ಐ-90 ಅರ್ಜಿಗೆ 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಂತೆ ಆನ್‌ಲೈನಿನಲ್ಲಿ 415 ಡಾಲರ್. ಆದ್ದರಿಂದ ಅವರು ಚಂಚಿಯ ಲಾಡಿಯನ್ನು ಪ್ಯಾಂಟಿನ ಬೆಲ್ಟಿಗೆ ಸುತ್ತಿ, ಚಂಚಿಯನ್ನು ಸೊಂಟದ ಪಕ್ಕಕ್ಕೆ ಇಳಿಬಿಟ್ಟುಕೊಂಡರು. ನೋಡಲು ದನ ಕೊಳ್ಳಲು ಸಂತೆಗೆ ಹೊರಟ ಹಾಗೆ ಕಾಣುತ್ತಿತ್ತು, ಆದರೆ ಐವರಲ್ಲಿ ಅದೇ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಕೊರಳಿಗಿಂತ ಸೊಂಟ ಮೇಲು ಎಂದು ಈಗ ನಾನೂ ಹೇಳುತ್ತೇನೆ.

ಬಟ್ಟೆಯ ಬಾಳಿಕೆಯ ಬಗ್ಗೆ ದೂರಿಲ್ಲ. ವೈಟ್ ಸ್ಯಾಂಡ್ಸ್‌ನಲ್ಲಿ ಮೊಮ್ಮಗಳು ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೂತು ದಿಬ್ಬದಿಂದ ಜಾರುವಾಗ ನನ್ನನ್ನೂ ಎಳೆದುಕೊಂಡು ಬಿದ್ದಳು. ಚಂಚಿಯ ಹೊಲಿಗೆಯ ಸಂದಿನಲ್ಲೆಲ್ಲ ಬಿಳಿ ಪುಡಿ ಸೇರಿಕೊಂಡಿತು, ಜಿಪ್ಪಿನ ಹಲ್ಲಿನಲ್ಲಿಯೂ ಸೇರಿ ಅದು ಎರಡು ದಿನ ಕರಕರ ಎಂದಿತು. ಒದ್ದೆ ಬಟ್ಟೆಯಿಂದ ಒರೆಸಿದಾಗ ಹೋಯಿತು. ಒಳಗಿನ ಕಾಗದಕ್ಕೆ ಏನೂ ತಾಗಿರಲಿಲ್ಲ. ಖಣ ಬಣ್ಣ ಬಿಡಲಿಲ್ಲ, ಐದು ಚಂಚಿಗಳಲ್ಲಿ ಒಂದರ ಹೊಲಿಗೆಯೂ ಬಿಚ್ಚಲಿಲ್ಲ.

ಚೀಲಕ್ಕೆ ನೇರವಾಗಿ ಸಂಬಂಧಿಸದ ಒಂದು ಮಾತನ್ನೂ ಸೇರಿಸುತ್ತೇನೆ. ಹೊರಡುವ ಮೊದಲು ಝೆರಾಕ್ಸ್ ತೆಗೆಸಲು ಹೋದಾಗ ಅಂಗಡಿಯ ಹುಡುಗ, ದೂರ ಹೊರಟಿದ್ದೀರಿ, ಎಲ್ಲವನ್ನೂ ಲ್ಯಾಮಿನೇಶನ್ ಮಾಡಿಕೊಡುತ್ತೇನೆ ಎಂದು ಒತ್ತಾಯ ಮಾಡಿದ. ಮಾಡಿಸಬೇಡಿ. ಲ್ಯಾಮಿನೇಶನ್ ಆದ ಕಾಗದದ ಮೇಲೆ ಯಾವ ಕಚೇರಿಯವರೂ ಮುದ್ರೆ ಒತ್ತಲಾರರು, ಕಾಗದವನ್ನು ಮುಟ್ಟಿ ಪರೀಕ್ಷಿಸಲಾರರು. ಮಗಳು ಹೇಳುವಂತೆ ಅಲ್ಲಿಯ ಸೋಶಿಯಲ್ ಸೆಕ್ಯುರಿಟಿ ಕಾರ್ಡಿಗೂ ಲ್ಯಾಮಿನೇಶನ್ ಬೇಡವೆಂದು ಕೊಟ್ಟ ಇಲಾಖೆಯೇ ಹೇಳುತ್ತದೆ. ಕಾಗದಕ್ಕೆ ಬೇಕಾದದ್ದು ಗಾಳಿಯಾಡುವ ಹೊದಿಕೆ; ನಮ್ಮ ಕಚೇರಿಯ ಹಳೆಯ ದಫ್ತರಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಡುತ್ತಿದ್ದದ್ದು ಅಂದಕ್ಕಲ್ಲ.

ಯಾರಿಗೆ ಈ ಚಂಚಿ ಬೇಕು ಎಂದರೆ, ಮಕ್ಕಳು ಸ್ಯಾನ್ ಡಿಯಾಗೊ, ಟೂಸಾನ್, ಎಲ್ ಪಾಸೊ ಅಥವಾ ಟೆಕ್ಸಾಸಿನ ದಕ್ಷಿಣದ ಊರುಗಳಲ್ಲಿರುವ ತಂದೆತಾಯಿಗಳಿಗೆ. ನ್ಯೂಜೆರ್ಸಿಗೋ ಷಿಕಾಗೋಗೋ ಹೋಗುವವರಿಗೆ ರಸ್ತೆಯ ಮೇಲೆ ಇಂಥ ನಾಕಾ ಸಿಗುವ ಸಂಭವ ಕಡಿಮೆ, ಕಾಗದ ಜೊತೆಗಿರಬೇಕೆಂಬ ಕಾಯ್ದೆ ಮಾತ್ರ ಅಲ್ಲಿಯೂ ಅದೇ. ಈಗ ಇರುವ ರೂಪದಲ್ಲಿ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಒಂದು ಅಂಕ ಲಾಡಿಗೆ ಹೋಯಿತು, ಅರ್ಧ ಗುರುವಾರಕ್ಕೆ ಹೋಯಿತು.

ಏಪ್ರಿಲಿನಲ್ಲಿ ಮರಳಿ ಬಂದ ಮೇಲೆ ಐ-94ರ ಒಂದು ಹಾಳೆಯನ್ನು ಚಂಚಿಯಲ್ಲಿಯೇ ಇಟ್ಟುಕೊಂಡು ಮಾಸ್ತರರ ಅಂಗಡಿಗೆ ಹೋದೆ. ನಾಕಾದ ಕಥೆಯನ್ನು ಪೂರ್ತಿ ಕೇಳಿದರು. ಮಗು ಗಂಟು ಬಿಚ್ಚಿದ ಭಾಗವನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಟೇಪು ಹಿಡಿದು ಹಾಳೆಯನ್ನು ಅಳೆದು, “ಎಂಟೂವರೆ ಇಂಚು. ಇವರದು ಹಾಳಿನೂ ಬ್ಯಾರೇನ ಐತೇನ್ರೀ” ಎಂದು ಅದೇ ಹಳೆಯ ಕ್ಯಾಲೆಂಡರಿನ ಹಿಂದೆ ಹೊಸ ಗೀಟು ಹಾಕಿದರು. ಕಾರ್ಡಿನ ಖಾನೆಗಳಲ್ಲಿ ಒಂದನ್ನು ಕವಚ ಹಿಡಿಸುವಷ್ಟು ದೊಡ್ಡದು ಮಾಡಲು, ಹಿಂಬದಿಗೆ ಬೆಲ್ಟು ತೂರಿಸುವ ಪಟ್ಟಿ ಹಚ್ಚಲು ಒಪ್ಪಿದರು. ಲಾಡಿಯ ಮಾತು ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಡಬ್ಬಿಯಿಂದ ಎರಡು ಟಿಚ್ ಬಟನ್ ತೆಗೆದು ನನ್ನ ಎದುರಿಗೆ ಇಟ್ಟರು. ಲಾಡಿಯನ್ನು ತೆಗೆಯುವುದಿಲ್ಲವಂತೆ, ಬಟನ್ನಿನ ಮೇಲೆ ಅಲಂಕಾರಕ್ಕೆ ಇರುತ್ತದಂತೆ. ಹೊಸ ಮಾದರಿಗೆ 720 ರೂಪಾಯಿ, ಹಳೆಯದನ್ನು ತಿದ್ದಿಕೊಡಲು 60. ನನ್ನ ಎರಡು ಚಂಚಿಗಳನ್ನು ತಿದ್ದಲು ಕೊಟ್ಟು ಬಂದಿದ್ದೇನೆ, ಗುರುವಾರ ಕೊಡುತ್ತೇನೆ ಎಂದಿದ್ದಾರೆ.